ಬೇವಿನ ಮರದ ಜೋಲಿಗಳು

ಇವತ್ತು ಬೆಳಿಗ್ಗೆ ಮೊಮ್ಮಗಳು ಗೋಧಿಹಿಟ್ಟು ಹುರಿದು ಬೆಲ್ಲ ಹಾಕಿದಳು. ಆ ವಾಸನೆ ಮೂಗಿಗೆ ತಗಲಿದ್ದೇ ತಡ, ನಾನು ಎಪ್ಪತ್ತರ ದಶಕದ ಬರಗಾಲದ ಬೇಸಿಗೆಯಲ್ಲಿ ನಿಂತಿದ್ದೆ. ನಾವಿರುವ ಈ ಸಂಭಾಜಿನಗರ ಆಗ ಔರಂಗಾಬಾದು. ಹಸಿದವರಿಗಾಗಿ ಸರಕಾರ ರಸ್ತೆ ಕೆಲಸ ತೆಗೆದಿತ್ತು. ಮಧ್ಯಾಹ್ನ ಇದೇ ವಾಸನೆಯ ಸುಕಡಿ ಎಂಬ ಸಿಹಿಹಿಟ್ಟನ್ನು ಹಂಚುತ್ತಿತ್ತು. ಬೀದರಿನಿಂದ ಬಂದ ನಾನು ಅಲ್ಲಿ ಹೊಸ ಓವರ್ಸಿಯರ್. ತಲೆಗೆ ಟೋಪಿ, ಕೈಗೆ ಅಳತೆಯ ಟೇಪು ಬಂದಮೇಲೆ ಸರಕಾರವೆಂದರೆ ನಾನೇ ಅನ್ನಿಸುತ್ತಿತ್ತು. ನಗಬೇಡಿ, ವಯಸ್ಸು ಹಾಗಿತ್ತು.

ಅಡುಗೆಗೆಂದು ಅವ್ವ ನನ್ನ ಜೊತೆಗಿದ್ದಳು. ನಾನು ಬುತ್ತಿ ಮರೆತ ಒಂದು ದಿನ ಅವಳೇ ಅದನ್ನು ತಂದಳು. ತಂದವಳು ನನ್ನನ್ನು ಹುಡುಕದೆ ಜಲ್ಲಿಕಲ್ಲಿನ ರಾಶಿಯ ಪಕ್ಕ ನಿಂತುಬಿಟ್ಟಳು. ಅಲ್ಲಿ ಗೋಣಿಚೀಲದ ಮೇಲೆ ಒಂದು ಕೂಸು ಅತ್ತು ಸುಸ್ತಾಗಿ ಬಿಸಿಲಲ್ಲೇ ಮಲಗಿತ್ತು. ತಾಯಿ ಕೌಸಲ್ಯಾ ಆಚೆ ಕಲ್ಲು ಒಡೆಯುತ್ತಿದ್ದಳು.

"ಈ ಕೂಸಿನ್ನ ನೋಡಾವ್ರು ಯಾರಪಾ?"

"ತಾಯಿನೇ ನೋಡ್ಕೋಬೇಕವ್ವಾ. ನೆರಳು ಮಾಡಾಕ ಆರ್ಡರ್ ಇಲ್ಲ."

"ಬಿಸಲಾಗ ಒಣಗಸಾಕ ಆರ್ಡರ್ ಅದ ಏನು?"

ಮರುದಿನ ಅವಳು ತನ್ನ ಹಳೆಯ ಸೀರೆ ಹರಿದು ಬೇವಿನ ಮರಕ್ಕೆ ಜೋಲಿ ಕಟ್ಟಿದಳು. ಮೊದಲು ಕೌಸಲ್ಯಾಳ ಕೂಸು, ಆಮೇಲೆ ಉಳಿದವರವು. ಬೀದರಿನ ಲಾಲಿ ಆ ಮರಾಠಿ ಮಕ್ಕಳಿಗೆ ಎಷ್ಟು ಅರ್ಥವಾಯಿತೋ, ನಿದ್ದೆಯಂತೂ ಬಂತು.

ಒಂದು ದಿನ ದೊಡ್ಡ ಸಾಹೇಬರ ಜೀಪು ಬಂತು. "ಈ ಮುದುಕಿ ಯಾರು? ಜೋಲಿ ಬಿಚ್ಚಿಸಿ" ಎಂದು ಮರಾಠಿಯಲ್ಲಿ ಗದರಿದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಟೋಪಿ ತೆಗೆದು ಕೈಯಲ್ಲಿ ಹಿಡಿದೆ. ಅವ್ವ ತೂಗುವುದನ್ನು ನಿಲ್ಲಿಸದೆ ನನಗೆ ಹೇಳಿದಳು: "ಅವಗ ಕೇಳಪಾ, ಅವನ ಅವ್ವ ಅವನ್ನ ಬಿಸಲಾಗ ಒಗದು ಹೋಗಿದ್ಲೇನಂತ."

ನಾನು ವಿನಯದಿಂದ ಮರಾಠಿಗೆ ತಂದೆ: "ನಮ್ಮ ತಾಯಿ ತಮಗೆ ನಮಸ್ಕಾರ ಹೇಳುತ್ತಿದ್ದಾರೆ, ಸಾಹೇಬ."

ಸಾಹೇಬರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಅಚ್ಚ ಕನ್ನಡದಲ್ಲಿ, "ನಿಜಾಮರ ಕಾಲದಾಗ ನಾ ಗುಲಬರ್ಗಾದಾಗ ನೌಕರಿ ಮಾಡೀನ್ರಿ, ಓವರ್ಸಿಯರ್" ಅಂದರು. ಭೂಮಿ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಅವರು ಮರದ ಕೆಳಗೆ ಹೋಗಿ ಒಂದೊಂದೇ ಜೋಲಿಯಲ್ಲಿ ಬಗ್ಗಿ ನೋಡಿ ಬಂದರು. "ನೀರು ಕೊಡಾಕ ಒಬ್ಬರನ್ನ ಇಟ್ಕೊಳ್ಳಾಕ ಬರ್ತದ. ಹಾಜರಿ ಪಟ್ಟಿಗೆ ಇವರ ಹೆಸರು ಹಚ್ಚ್ರಿ. ಕೂಸುಗಳ ನೆರಳಿನ ಮಾತು ನಾ ಮ್ಯಾಲಿನವರಿಗೆ ಬರೀತೀನಿ."

ಕೆಲವು ತಿಂಗಳಾದ ಮೇಲೆ ಆದೇಶ ಬಂತು: ಮಕ್ಕಳಿರುವ ಕಾಮಗಾರಿಯಲ್ಲಿ ನೆರಳಿರಬೇಕು, ನೋಡಿಕೊಳ್ಳಲು ಒಬ್ಬ ಹೆಂಗಸು ಇರಬೇಕು. ನಮ್ಮವ್ವನಿಂದಲೇ ಬಂತೆಂದು ನಾನು ಹೇಳುವುದಿಲ್ಲ. ಇಂಥ ಅವ್ವಂದಿರು ಎಷ್ಟು ಕಡೆ ಜಗಳ ತೆಗೆದಿದ್ದರೋ. ಗಂಡಸರು ಊರು ಬಿಟ್ಟು ಕೆಲಸಕ್ಕೆ ಹೋಗಿದ್ದರು, ಹೆಂಗಸರೇ ಕಲ್ಲು ಒಡೆಯಲು ಬಂದಿದ್ದರು. ಅದು ಸರಕಾರಕ್ಕೆ ತಿಳಿಯಲು ಅಷ್ಟು ದಿನ ಬೇಕಾಯಿತು. ಆದೇಶದಲ್ಲಿ ಒಂದು ಕೊಕ್ಕೆಯೂ ಇತ್ತು. ಆ ಹೆಂಗಸು ಕಲ್ಲು ಒಡೆಯುವ ಕೂಲಿಯವರಲ್ಲೇ ಒಬ್ಬಳಾಗಿರಬೇಕು. ಜಾಗ ಕೌಸಲ್ಯಾಳಿಗೆ ಹೋಯಿತು.

ಅವ್ವ ಎರಡು ದಿನ ಮುಖ ಊದಿಸಿಕೊಂಡಳು. "ಆಕಿಗಿ ಜೋಲಿ ಗಂಟ ಹಾಕಾಕೂ ಬರಂಗಿಲ್ಲ" ಎಂದು ಗೊಣಗಿದಳು. ಮೂರನೆಯ ದಿನ ತಾನೇ ಹೋಗಿ ಕೌಸಲ್ಯಾಳಿಗೆ ಗಂಟು ಕಲಿಸಿ ಬಂದಳು.

"ಅಜ್ಜಾ, ಎಲ್ಲಿದ್ದೀ? ತಗೋ" ಎಂದು ಮೊಮ್ಮಗಳು ತಟ್ಟೆ ಮುಂದಿಟ್ಟಳು. "ನಾನು ಶೇಂದ್ರಾದ ಫ್ಯಾಕ್ಟರಿ ನೌಕರಿ ಬಿಡ್ತೀನಿ. ಕಂಪನಿಯಾಗ ನನ್ನ ಕೂಸಿನ್ನ ಇಡಾಕ ಜಾಗಾನೇ ಇಲ್ಲ. ನಮ್ಮ ಲೈನಿನ್ಯಾಗ ಕೂಸಿದ್ದ ಹೆಣ್ಮಕ್ಕಳೆಲ್ಲಾ ಹಿಂಗೇ ಬಿಡಾಕತ್ತಾರ."

ನಿನ್ನೆಯಾಗಿದ್ದರೆ, "ಬಿಡವ್ವಾ, ಕೂಸಿಗಿಂತ ನೌಕರಿ ದೊಡ್ಡದೇನು?" ಅನ್ನುತ್ತಿದ್ದೆ.

"ಬಿಡಬ್ಯಾಡ" ಅಂದೆ. "ಎಲ್ಲಾರೂ ಕೂಡಿ ಸಾಹೇಬನ ಮುಂದ ಹೋಗಿ ನಿಂದರ್ರಿ. ನಾನೂ ಬರ್ತೀನಿ."

ಅವಳು ನಕ್ಕಳು. ಆಮೇಲೆ ನಾನು ನಗುತ್ತಿಲ್ಲವೆಂದು ಕಂಡು, ಫೋನು ತೆಗೆದು ಕಂಪನಿಯ ಗೆಳತಿಯರನ್ನು ಕರೆಯತೊಡಗಿದಳು.