ಕೇಳಿದಾಗ ಇಲ್ಲ ಎಂದವಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳದು ಇಸ್ತ್ರಿ ಕೆಲಸ. ಒದ್ದೆ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಹತ್ತು ದಿನಕ್ಕೆಂದು ಬರೆದುಕೊಟ್ಟ ನೋವಿನ ಮಾತ್ರೆಯನ್ನು ಎರಡು ವರ್ಷವಾದರೂ ಬಿಟ್ಟಿರಲಿಲ್ಲ, ಮನೆಯವರಿಗೆ ತಿಳಿಯದಂತೆ ನುಂಗುತ್ತಿದ್ದಳು. ನೋವು ಎಂದೋ ಹೋಗಿತ್ತು. ಮಾತ್ರೆ ತಪ್ಪಿದರೆ ಮೈ ನಡುಗುತ್ತಿತ್ತು. ಬಸಿರಾದಾಗ ನರ್ಸ್ ಕೇಳಿದಳು, "ಬೇರೆ ಮಾತ್ರೆ ಏನಾದ್ರೂ ತಗೋತೀರಾ?"

"ಇಲ್ಲ."

ಹುಟ್ಟಿದ ಎರಡನೇ ದಿನವೇ ಮಗಳು ನಡುಗತೊಡಗಿದಳು. ಕಿವಿ ಹರಿಯುವಂಥ ಅಳು. ಡಾಕ್ಟರು ಸೋಂಕಿರಬಹುದೆಂದು ಹುಡುಕಿದರು. ಆ ನಡುಕ ಯಾವುದೆಂದು ಅವಳಿಗೆ ಗೊತ್ತಿತ್ತು. ಮನೆಗೆ ಬಂದ ಮೇಲೆ, ತಾನು ಮಾತ್ರೆ ನುಂಗಿ ಹಾಲೂಡಿಸಿದರೆ ಮಗು ತಣ್ಣಗೆ ಮಲಗುವುದನ್ನು ಕಂಡುಕೊಂಡಳು. "ಎಂಥ ಸಾಧು ಮಗು!" ಎಂದರು ಅತ್ತೆ.

ಏಳು ವರ್ಷವಾದರೂ, "ಚಪ್ಪಲಿ ಬಿಟ್ಟು ಕೈ ತೊಳ್ಕೋ" ಎಂದರೆ ಮಗಳು ಚಪ್ಪಲಿ ಬಿಟ್ಟು ಅಲ್ಲೇ ನಿಲ್ಲುತ್ತಿದ್ದಳು. ಕಲಿತ ಅಕ್ಷರ ಮರುದಿನಕ್ಕೆ ಇರುತ್ತಿರಲಿಲ್ಲ. ಬಸ್ ಕಂಡಕ್ಟರಾಗಿದ್ದ ಗಂಡ ತಲೆ ತಗ್ಗಿಸುತ್ತಿದ್ದ. "ತೀರಿಹೋದ ನನ್ನ ತಮ್ಮನೂ ಹೀಗೇ ಇದ್ದ ಕಣೇ. ನಮ್ಮ ವಂಶದ್ದೇ ಇದು. ಇನ್ನೊಂದು ಮಗು ಬೇಡ, ಅದಕ್ಕೂ ನಮ್ಮ ತಲೆ ಬಂದ್ರೆ?"

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು ಅವಳಿಗೆ. ಉಗುಳಲಿಲ್ಲ, ನುಂಗಲಿಲ್ಲ.

ಕೊನೆಗೆ ಶಾಲೆಯವರು ಮಕ್ಕಳ ನರರೋಗದ ಡಾಕ್ಟರಮ್ಮನ ಬಳಿ ಕಳಿಸಿದರು. ಬಸಿರಿನಲ್ಲಿ ಔಷಧಿ ಏನಾದರೂ ತಗೊಂಡಿದ್ದುಂಟೇ ಎಂದು ಅವರು ಕೇಳಿದಾಗ ಗಂಡನೇ ಬಾಯಿ ಹಾಕಿದ: "ಇವಳಾ? ತಲೆನೋವಿಗೂ ಏನೂ ನುಂಗಲ್ಲ. ತಪ್ಪು ನಮ್ಮ ಕಡೇದು, ಡಾಕ್ಟ್ರೇ."

ಅವಳಿಗೆ ತಡೆಯಲಾಗಲಿಲ್ಲ. "ತಗೊಂಡಿದ್ದೆ. ಒಂಬತ್ತು ತಿಂಗಳೂ. ಹಾಲು ಕುಡಿಸೋವಾಗಲೂ. ಈಗಲೂ ತಗೋತೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಬೆಳೆಯೋ ಮೆದುಳಿಗೆ ಅದು ತೊಂದ್ರೆ ಕೊಡಬಹುದು. ಎಲ್ಲಾ ಅದರಿಂದಲೇ ಅಂತ ಮಾತ್ರ ಯಾರೂ ಹೇಳೋಕಾಗಲ್ಲಮ್ಮ. ಆದ್ರೆ ಮೊದಲೇ ಹೇಳಿದ್ರೆ ಇವಳಿಗೆ ಎಷ್ಟೋ ವರ್ಷ ಮುಂಚೆನೇ ಸಹಾಯ ಸಿಗ್ತಿತ್ತು."

ಮಾತ್ರೆಯ ಮಾತಿಗಿಂತ ಈ ಕೊನೆಯ ಮಾತೇ ಅವಳನ್ನು ಕೊಯ್ದಿತು.

ಹೊರಗೆ ಮೆಟ್ಟಿಲ ಮೇಲೆ ಗಂಡ ನಿಂತ. "ಸತ್ತ ತಮ್ಮನನ್ನ ಏಳು ವರ್ಷ ಬೈಕೊಂಡೆ ನಾನು." ಅಷ್ಟೇ. ಮಗಳ ಕೈ ಹಿಡಿದು ಮುಂದೆ ನಡೆದ.

ಮಾತ್ರೆಯನ್ನು ಒಮ್ಮೆಗೇ ಬಿಡುವಂತಿಲ್ಲ, ಬೇರೆ ಔಷಧಿ ಕೊಟ್ಟು ಸ್ವಲ್ಪಸ್ವಲ್ಪವೇ ಇಳಿಸಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಈಗ ಪ್ರತಿ ಸೋಮವಾರ ಮೂವರೂ ಚಟ ಬಿಡಿಸುವ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂರುತ್ತಾರೆ, ಮಗಳು ನಡುವೆ. ಒಂದು ಸಲಕ್ಕೆ ಒಂದೇ ಕೆಲಸ ತೋರಿಸುವ ಚಿತ್ರಗಳ ಸಹಾಯದಿಂದ ಮಗಳು ಈಗ ತಾನಾಗಿಯೇ ಕೈ ತೊಳೆಯುತ್ತಾಳೆ.

"ಅಪ್ಪಾ, ಔಷಧಿ ಬಿಡೋಕೆ ಅಮ್ಮ ಯಾಕೆ ಔಷಧಿ ತಗೋತಾಳೆ?"

ಎಷ್ಟೋ ದಿನದ ಮೇಲೆ ಅವನು ನಕ್ಕ. ಅಮ್ಮನಿಗೆ ಮಾತ್ರ ನಗು ಬರಲಿಲ್ಲ.