ಕೆಂಪು ಗೀರಿನ ಯಿನ್ ಮೇಸ್ತ್ರಿ

ಚೀನಾದ ಹುನಾನ್ ಪ್ರಾಂತ್ಯದ ಆ ಪುಟ್ಟ ಪೇಟೆಯಲ್ಲಿ ಯಿನ್ ಬಾವ್‌ಶಾನನಿಗೆ ಹೆದರದವರಿರಲಿಲ್ಲ. ಆಸಾಮಿ ಮಾತ್ರ ಇಲಿ ಕಂಡರೆ ಕುರ್ಚಿ ಹತ್ತುವ ಪೈಕಿ. ಮೂವತ್ತೊಂದು ವರ್ಷದಿಂದ ಕೋರ್ಟಿನಲ್ಲಿ ಅವನದು ಒಂದೇ ಕಸುಬು: ಮರಣದಂಡನೆಯ ಪ್ರಕಟಣೆಯನ್ನು ಕುಂಚದಲ್ಲಿ ಬರೆಯುವುದು, ಹೆಸರಿನ ಮೇಲೆ ಕೆಂಪು ಗೀರೆಳೆಯುವುದು, ಗೋಡೆಗೆ ಅಂಟಿಸುವುದು. ಗೀರು ಬಿತ್ತೆಂದರೆ ಮನುಷ್ಯ ಮುಗಿದ ಎಂದರ್ಥ. ಒಂದೇ ಎಳೆತಕ್ಕೆ ಅದರ ಬಾಲವನ್ನು ಮೇಲಕ್ಕೆ ಚಿಮ್ಮಿಸುತ್ತಿದ್ದ. ಆ ಬಾಲದ ಬಗ್ಗೆ ಅವನಿಗಿದ್ದ ಜಂಬವೋ, ಅಬ್ಬಬ್ಬಾ!

"ಮದುವೆ ಕಾಗದ ಬರೆದುಕೊಡಿ ಅಂತ ಒಬ್ರೂ ನಿಮ್ಮನ್ನ ಕರೆಯಲ್ವಲ್ಲ, ಯಾಕೆ?" ಎಂದು ಹೆಂಡತಿ ಚುಚ್ಚುವಳು.

"ಅವ್ರಿಗೆ ಅಕ್ಷರದ ರುಚಿ ಗೊತ್ತಿಲ್ಲ ಕಣೇ."

ಮೊದಲೆಲ್ಲ ಪ್ರಾಂತ್ಯದ ಕೋರ್ಟು ಹೂಂ ಅಂದರೆ ಸಾಕಿತ್ತು. ಮೇಲಿನಿಂದ ಕಾಗದ ಬಂದರೆ ಅವತ್ತೇ ಗುಂಡು. ಆದ್ದರಿಂದ ಯಿನ್ ಗೀರು ಸಮೇತ ಹಾಳೆಗಳನ್ನು ಮೊದಲೇ ಸಿದ್ಧಮಾಡಿಟ್ಟು, ಕಾಗದ ಬಂದ ದಿನ ತಾರೀಖು ತುಂಬುತ್ತಿದ್ದ. 2007ರಲ್ಲಿ ಆಳುವ ಪಕ್ಷಕ್ಕೆ ಏನು ಬುದ್ಧಿ ಬಂತೋ, ಇನ್ನು ಪ್ರತಿಯೊಂದು ಮರಣದಂಡನೆಯನ್ನೂ ಬೀಜಿಂಗಿನ ಸರ್ವೋಚ್ಚ ಕೋರ್ಟೇ ಪರಿಶೀಲಿಸಿ ಒಪ್ಪತಕ್ಕದ್ದು ಎಂದಾಯಿತು. ಅದನ್ನು ವಿವರಿಸಲು ಕರೆದ ಸಭೆಯಲ್ಲಿ ಯಿನ್ ಮೂರು ಗಂಟೆ ಸೊಗಸಾಗಿ ತೂಕಡಿಸಿದ, ಕೊನೆಯಲ್ಲಿ ಜೋರಾಗಿ ಚಪ್ಪಾಳೆ ತಟ್ಟಿದ, ಹಳೇ ಪದ್ಧತಿಯನ್ನೇ ಮುಂದುವರಿಸಿದ.

ಆ ವರ್ಷ ಸರದಿ ಲಾರಿ ಡ್ರೈವರ್ ಪೆಂಗ್ ಶ್ವೀಗನ್‌ನದು. ಮನೆ ಕೆಡವಲು ಬಂದವನ ತಲೆಗೆ ಸಲಾಕೆಯಲ್ಲಿ ಹೊಡೆದು ಕೊಂದಿದ್ದ. ಅವನ ತಾಯಿ ಕೋರ್ಟಿನೆದುರೇ ಕರಿದ ತೋಫು ಮಾರುವವಳು, ಯಿನ್ ಅವಳ ನಿತ್ಯದ ಗಿರಾಕಿ.

"ಬೀಜಿಂಗಿಂದ ಏನಾದ್ರೂ ಬಂತಾ, ಮೇಸ್ತ್ರಿ?" ಎಂದು ದಿನಾ ಕೇಳುತ್ತಿದ್ದಳು.

"ಇನ್ನೂ ಇಲ್ಲ ಅಕ್ಕ. ಒಂದಿಷ್ಟು ಖಾರ ಹಾಕು."

ಒಂದು ಬೆಳಗ್ಗೆ ಜವಾನ ಬಂದು "ಪೆಂಗ್‌ನ ಕಾಗದ ಬಂತು" ಅಂದ. ಏನು ಬಂತೆಂದು ಕೇಳುವ ಗೋಜಿಗೇ ಹೋಗದೆ ಯಿನ್ ಗೋಂದಿನ ಬಕೆಟ್ ಎತ್ತಿಕೊಂಡ. ಮಧ್ಯಾಹ್ನದೊಳಗೆ ಪೇಟೆಯ ಗೋಡೆಗಳೆಲ್ಲ ಮುಗಿದವು. ಆಮೇಲೆ ನ್ಯಾಯಾಧೀಶರು ಕರೆದರು.

"ಕತ್ತೆ! ಓದಿದೆಯೇನೋ ಅದನ್ನ? ಬೀಜಿಂಗ್ ಒಪ್ಪಿಲ್ಲ! ಇನ್ನೊಂದ್ಸಲ ವಿಚಾರಣೆ ಮಾಡಿ ಅಂದಿದಾರೆ. ಅವನು ಜೈಲಲ್ಲಿ ಗಂಜಿ ಕುಡೀತಾ ಕೂತಿದಾನೆ!"

ಯಿನ್ ಕೋರ್ಟಿನಿಂದ ಹೊರಗೆ ನುಗ್ಗಿದ. ತೋಫು ಗಾಡಿ ಮುಚ್ಚಿತ್ತು. ಏದುಸಿರು ಬಿಡುತ್ತ ಅವಳ ಮನೆಗೆ ಓಡಿದ. ಮುದುಕಿ ತಲೆಗೆ ಸೂತಕದ ಬಿಳಿ ಬಟ್ಟೆ ಕಟ್ಟಿಕೊಂಡು, ಪರಲೋಕದ ಖರ್ಚಿಗಿರಲಿ ಎಂದು ಮಗನ ಹೆಸರಿನಲ್ಲಿ ಕಾಗದದ ನೋಟು ಸುಡುತ್ತ ಕೂತಿದ್ದಳು. ಪಕ್ಕದಲ್ಲೇ ಮುಚ್ಚಳ ತೆಗೆದ ಕೀಟನಾಶಕದ ಬಾಟಲಿ.

"ಅಕ್ಕಾ, ಬೇಡ! ಬದುಕಿದಾನೆ! ನಾನು ಓದದೇ ಅಂಟಿಸಿಬಿಟ್ಟೆ!"

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಮರುಕ್ಷಣ ಜಾಲರಿ ಸೌಟು ಹಿಡಿದು ಎದ್ದಳು. "ನಿನ್ ಕೈ ಸೇದೋಗ! ಮುಂಡೇಮಗನೇ!" ಬೆನ್ನಿಗೆ ಬಿದ್ದ ಏಟುಗಳನ್ನು ಯಿನ್ ಬಗ್ಗಿ ತಿಂದ.

ಹೊತ್ತು ಮುಳುಗುವ ಮೊದಲು ಹಾಳೆಗಳನ್ನೆಲ್ಲ ಕೀಳಬೇಕಿತ್ತು. ಮುದುಕಿ ತಾನೂ ಚಾಕು ಹಿಡಿದು ಹೊರಟಳು. ಇಬ್ಬರೂ ಗೋಡೆ ಗೋಡೆ ಕೆರೆದರು.

"ತಪ್ಪಾಯ್ತಕ್ಕ. ಮೂವತ್ತೊಂದು ವರ್ಷದಲ್ಲಿ ಒಂದೂ ತಪ್ಪಾಗಿರ್ಲಿಲ್ಲ."

ಮುದುಕಿಯ ಚಾಕು ನಿಂತಿತು. "ತಪ್ಪೋ ಸರಿಯೋ ಅಂತ ತಿರುಗಿ ನೋಡಿದವರು ಯಾರಿದ್ರು?"

ಯಿನ್ ತಾನು ಗೀರೆಳೆದವರಲ್ಲಿ ಒಬ್ಬರದಾದರೂ ಹೆಸರು ನೆನಪಾಗಲಿ ಎಂದು ತಡಕಾಡಿದ. ಒಂದೂ ಬರಲಿಲ್ಲ.