ವಿಭೂತಿ ಹಚ್ಚಿದ ಕಂಪ್ಯೂಟರ್

ಎಂದಿನಂಥ ಸೋಮವಾರ, ತರಗತಿಯ ಹಾಜರಿ ಮುಗಿಸಿದ್ದೆ. ಗುಂಜಿಯ ನಮ್ಮ ಶಾಲೆಯ ಕಂಪ್ಯೂಟರನ್ನು ಹೊಸ ನೆಟ್‌ವರ್ಕ್ ಒಳಗೆ ಬಿಡಲಿಲ್ಲ. ಪರೀಕ್ಷೆಗೆ ಮಕ್ಕಳ ಹೆಸರು ಕಳಿಸಲು ಅಂದೇ ಕೊನೆಯ ದಿನ. ಬೆಳಗಾವಿಯ ತಂತ್ರಜ್ಞನಿಗೆ ಫೋನ್ ಮಾಡಿದೆ.

“ನೆಟ್‌ವರ್ಕ್ ಕಾರ್ಡಿನ ನಂಬರ್ ಹೇಳ್ರಿ ಮಾಸ್ತರ್ರ, ಪಟ್ಟಿಗೆ ಸೇರಸ್ತೀನಿ. ಡಬ್ಬಿ ಬಾಜೂಕ ಚೀಟಿ ಐತಿ.”

“ಚೀಟಿ ಮ್ಯಾಲ ವಿಭೂತಿ ಐತ್ರಿ.”

“ಒರಸ್ರಿ!”

“ಆಗೂದಿಲ್ರಿ. ಆಯುಧ ಪೂಜಿಗೆ ನಮ್ಮ ಮನಿಯಾಕಿ ಹಚ್ಚಿದ್ದು. ಆಮ್ಯಾಲ ಆಕಿ ತೀರಿಕೊಂಡ್ಲ್ರಿ.”

ಆತ ಒರೆಸುವ ಮಾತು ಬಿಟ್ಟ. “ಹಂಗಾರ ಮಷೀನನ್ನ ಕೇಳೂಣ್ರಿ. ‘ಗೆಟ್‌ಮ್ಯಾಕ್’ ಅಂತ ಟೈಪ್ ಮಾಡ್ರಿ.”

ಪರದೆಯ ಮೇಲೆ ನಂಬರ್ ಬಂತು. ಉಕ್ತಲೇಖನದಂತೆ ಒಂದೊಂದು ಅಂಕಿ, ಅಕ್ಷರವನ್ನೂ ಎರಡೆರಡು ಸಲ ಓದಿದೆ. ಆತ ಅಷ್ಟನ್ನೂ ಬರೆದುಕೊಂಡ.

“ಇಪ್ಪತ್ನಾಕ ಆದುವಲ್ರಿ! ಹನ್ನೆರಡ ಇರಬೇಕು.”

“ಎರಡನೇ ಸಲದ್ದು ನಿಧಾನ ಬರಿಯೋರಿಗ್ರಿ.”

ಸಂಜೆ ಐದರೊಳಗೆ ಹದಿನೇಳು ಮಕ್ಕಳ ಹೆಸರು ಹೋದವು.